ಹೆಸರು ಬದಲಾದ ಗೋಲು

ವಸ್ತ್ರಾಪುರ, ಅಹಮದಾಬಾದ್
ಡಿಸೆಂಬರ್ 7, 2025

ಪ್ರೀತಿಯ ಅಕ್ಕನಿಗೆ ಹೇಮಳ ನಮಸ್ಕಾರ.

ನಿನ್ನ ಕಾಗದ ದೀಪಾವಳಿ ಮುಗಿದ ವಾರವೇ ಬಂತು. ಉತ್ತರಕ್ಕೆ ಇಷ್ಟು ಕಾಯಿಸಿದ್ದಕ್ಕೆ ಬೈಯಬೇಡ. ಬರೆಯಲು ಕೂತಾಗಲೆಲ್ಲ ಎರಡು ಸಾಲು ಬರೆದು ಹರಿದು ಹಾಕುತ್ತಿದ್ದೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯೆ. ನಿನ್ನ ಕಿವಿ ಮಂದವಾದ ಮೇಲೆ ನಾನು ತಿಪಟೂರಿಗೆ ಫೋನ್ ಮಾಡಿದರೆ ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು ಏನಾಯಿತೆಂದು ವಿಚಾರಿಸುತ್ತಾರೆ, ಅಷ್ಟು ಕೂಗುತ್ತೇನೆ. ಇದು ಕೂಗಿ ಹೇಳುವ ವಿಷಯವಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಮೈಯ ಮಟ್ಟಿಗೆ. ನೀನು ಕಳಿಸಿದ ಚಟ್ನಿಪುಡಿ ಮುಗಿಯಿತು. ಚಳಿ ಶುರುವಾಗಿದೆ. ರಸ್ತೆ ಬದಿಯಲ್ಲಿ ಗಾಳಿಪಟದ ದಾರಕ್ಕೆ ಗುಲಾಬಿ ಬಣ್ಣ ಹಚ್ಚುವವರು ಆಗಲೇ ಬಂದು ಕೂತಿದ್ದಾರೆ, ನಡೆದು ಹೋದರೆ ಸೀರೆಯಂಚಿಗೆ ಬಣ್ಣ ಮೆತ್ತುತ್ತದೆ. ಇವರ ಆಫೀಸಿಗೆ ಹೊಸ ಉಪಗ್ರಹದ ಚಿತ್ರಗಳು ಬರುತ್ತಿವೆಯಂತೆ, ಊಟಕ್ಕೆ ಕೂತಾಗಲೂ ಅದೇ ಧ್ಯಾನ.

ನೀನು ಕೇಳಿದ್ದು ಮನಸ್ವಿನಿಯ ಬಗ್ಗೆ. 'ಹುಡುಗಿ ಇನ್ನೂ ಚೆಂಡು ಒದೆಯುತ್ತಿದ್ದಾಳಾ?' ಎಂದು ಬರೆದಿದ್ದೆ. ಒದೆಯುತ್ತಿದ್ದಳು ಅಕ್ಕ. ಈಗ ಇಲ್ಲ. ಯಾಕೆ ಇಲ್ಲ ಅನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

ನವರಾತ್ರಿಗೆ ಮುಂಚೆ ನಮ್ಮ ಮನೆಯಲ್ಲಿ ಒಂದು ಜಗಳವಾಯಿತು. ಮನು ಈ ವರ್ಷ ಹನ್ನೆರಡನೇ ಕ್ಲಾಸು. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಕೋಚಿಂಗಿಗೆ ಸೇರಲೇಬೇಕು ಎಂದು ಇವರು, ಹುಡುಗಿಯರ ಫುಟ್ಬಾಲ್ ಲೀಗ್ ಬಿಡುವುದಿಲ್ಲ ಎಂದು ಅವಳು. ಎರಡು ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಇವರೇ ಅವಳನ್ನು ಎದುರಿಗೆ ಕೂರಿಸಿಕೊಂಡು ಮಾತು ಕೊಟ್ಟರು. "ಲೀಗಿನಲ್ಲಿ ಹೆಚ್ಚು ಗೋಲು ಹೊಡೆದ ಮೂವರನ್ನ ರಾಜ್ಯದ ಕ್ಯಾಂಪಿಗೆ ಕರೀತಾರೆ ಅಂದ್ಯಲ್ಲ? ಆ ಮೂವರಲ್ಲಿ ನೀನಿದ್ರೆ ನಾನೇ ಬಿಟ್ಟು ಬರ್ತೀನಿ. ಇಲ್ಲ ಅಂದ್ರೆ ಮಾರನೇ ದಿನವೇ ಕೋಚಿಂಗು. ಮತ್ತೆ ಮಾತಿಲ್ಲ." ಮನು ಕೈ ಚಾಚಿ, "ಡನ್, ಅಪ್ಪ. ಪಕ್ಕಾ?" ಎಂದಳು. ಇವರು ಕೈ ಕುಲುಕಿದರು. ನನಗೆ ಆವತ್ತು ನನ್ನ ಗಂಡನ ಮೇಲೆ ಎಷ್ಟು ಅಭಿಮಾನ ಬಂತು ಗೊತ್ತಾ? ನಮ್ಮಪ್ಪ ನಮಗೆ ಇಂಥದೊಂದು ಅವಕಾಶ ಕೊಟ್ಟಿದ್ದರೆ ಅಂದುಕೊಂಡೆ.

ಕೊನೆಯ ಪಂದ್ಯ ನವೆಂಬರಿನಲ್ಲಿ ವಡೋದರಾದಲ್ಲಿ, ಸೂರತ್ ತಂಡದ ಎದುರು. ನಾವಿಬ್ಬರೂ ಹೋಗಿದ್ದೆವು, ಗೋಲಿನ ಹಿಂದೆ ಬಲೆಯ ಪಕ್ಕದಲ್ಲಿ ನಿಂತಿದ್ದೆವು. ಆಟ ಮುಗಿಯುವ ಹೊತ್ತಿಗೂ ಎರಡೂ ಕಡೆ ಸೊನ್ನೆ. ಆಗ ಮನು ಎಡಗಡೆಯಿಂದ ಓಡಿ ಬಂದು ಒದ್ದಳು. ಚೆಂಡು ನೇರ ನಮ್ಮ ಕಡೆಗೇ ಬರುತ್ತಿತ್ತು ಅಕ್ಕ, ಬಲೆ ಇಲ್ಲದಿದ್ದರೆ ನನ್ನ ಎದೆಗೇ ಬಡಿಯುತ್ತಿತ್ತು. ನಡುವೆ ಸೂರತ್ತಿನ ಒಬ್ಬ ಹುಡುಗಿಯ ಮೊಣಕಾಲಿಗೆ ಸವರಿಕೊಂಡು ಒಳಗೆ ಹೋಯಿತು. ರೆಫರಿ ಮನುವಿನ ಹೆಸರು ಬರೆದುಕೊಂಡ. ಗೆದ್ದರು. ಆ ಗೋಲಿನಿಂದ ಅವಳು ಪಟ್ಟಿಯಲ್ಲಿ ಮೂರನೆಯವಳಾದಳು. ವಾಪಸು ಬರುವಾಗ ಸ್ಟೇಷನ್ ಹತ್ತಿರ ಸೇವ್ ಉಸಳ್ ತಿಂದೆವು. ಅವಳು ಕೇಳದೆಯೇ ಇವರು ಅವಳಿಗೆ ಇನ್ನೊಂದು ಪ್ಲೇಟ್ ಹೇಳಿದರು.

ಅದಾಗಿ ನಾಲ್ಕು ದಿನಕ್ಕೆ ಮನು ಸ್ಕೂಲಿನಿಂದ ಬಂದವಳು ಶೂ ಕೂಡ ಬಿಚ್ಚದೆ ಅಡುಗೆಮನೆ ಬಾಗಿಲಲ್ಲಿ ನಿಂತಳು. "ಅಮ್ಮಾ, ಮೇರಾ ಗೋಲ್ ನಹೀ ಹೈ. ವೆಬ್‌ಸೈಟಲ್ಲಿ ನನ್ನ ಗೋಲ್ ಇಲ್ಲ." ಅವಳ ಕನ್ನಡ ನಿನಗೆ ಗೊತ್ತಲ್ಲ, ಗಾಬರಿಯಾದರೆ ಹಿಂದಿ ಮುಂದೆ ಬರುತ್ತದೆ. ಫೋನ್ ತೆಗೆದುಕೊಂಡು ನೋಡಿದೆ. ಪಂದ್ಯದ ಫಲಿತಾಂಶ ಹಾಗೇ ಇತ್ತು, ಅಹಮದಾಬಾದ್ ಒಂದು, ಸೂರತ್ ಸೊನ್ನೆ. ಆದರೆ ಗೋಲು ಹೊಡೆದವರ ಜಾಗದಲ್ಲಿ ಮನಸ್ವಿನಿ ವೆಂಕಟಾಚಲ ಇರಲಿಲ್ಲ. ಝರ್ಣಾ ಎಂಬ ಹೆಸರಿತ್ತು, ಪಕ್ಕದಲ್ಲಿ 'ಓನ್ ಗೋಲ್' ಎಂದು. ಚೆಂಡು ಮೊಣಕಾಲಿಗೆ ಸವರಿತಲ್ಲ, ಆ ಹುಡುಗಿ ತನ್ನ ಗೋಲಿಗೆ ತಾನೇ ಹೊಡೆದುಕೊಂಡಳು ಎಂದು ತಿದ್ದಿದ್ದರು. ಪಟ್ಟಿಯಲ್ಲಿ ಮನು ನಾಲ್ಕನೆಯವಳು.

ಆಟ ಮುಗಿದು, ಎಲ್ಲರೂ ಮನೆಗೆ ಹೋಗಿ, ಬಟ್ಟೆ ಒಗೆದು ಒಣಗಿಸಿದ ಮೇಲೂ ಆಟ ಬದಲಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕೋಚಿಗೆ ಫೋನ್ ಮಾಡಿದೆ. "ಆಂಟಿ, ಲೀಗಿನವರು ವಿಡಿಯೊ ನೋಡಿ ಹೀಗೆ ತಿದ್ದೋದು ಇದ್ದದ್ದೇ. ಮ್ಯಾಚ್ ತೋ ಜೀತೆ ನಾ?" ಎಂದ. ತಂಡದ ಹುಡುಗಿಯರದೂ ಅದೇ ಮಾತು. ಗೆದ್ದದ್ದು ಗೆದ್ದ ಹಾಗೇ ಉಳಿದಿದೆ, ಹೋದದ್ದು ಒಬ್ಬಳ ಹೆಸರು. ಅದಕ್ಕೆ ಯಾರು ಬಾಯಿ ನೋಯಿಸಿಕೊಳ್ಳುತ್ತಾರೆ?

ಇವರು ಮಾತ್ರ ಆವತ್ತು ಆಫೀಸಿನಿಂದ ಬಂದವರೇ ಲ್ಯಾಪ್‌ಟಾಪ್ ತೆಗೆದು ಲೀಗಿಗೆ ಇಂಗ್ಲಿಷಿನಲ್ಲಿ ದೊಡ್ಡ ಇಮೇಲ್ ಬರೆದರು. ಮನು ಹೆಗಲಿಗೆ ಒರಗಿಕೊಂಡು ಓದುತ್ತಿದ್ದಳು. ತಲೆ ಸವರಿ, "ನಮ್ಮ ಕೈಲಾದದ್ದು ಮಾಡೋಣ ಪುಟ್ಟಿ. ಇವರೆಲ್ಲ ಹೀಗೇನೇ" ಎಂದರು. ಉತ್ತರ ಬರಲಿಲ್ಲ. ನಾನು ನನ್ನ ಪ್ಲೇಸ್ಕೂಲಿನ ಕೆಲಸಕ್ಕೆ ರಜೆ ಹಾಕಿ ಮನುವನ್ನು ಕರೆದುಕೊಂಡು ಸೂರತ್ತಿಗೆ ಹೊರಟೆ. ಅಂಕಿಅಂಶ ನೋಡಿಕೊಳ್ಳುವ ಕಿರೀಟ್‌ಭಾಯಿ ಎಂಬುವರು ಅಲ್ಲಿದ್ದಾರೆ. "ನೀನು ಹೋಗಿ ಏನು ಮಾಡ್ತೀಯ?" ಎಂದರು ಇವರು. "ಕೇಳ್ತೀನಿ" ಎಂದೆ. ಇವರಿಗೆ ರಜೆ ಸಿಗಲಿಲ್ಲ.

ಸೂರತ್ತಿನ ಅಡಾಜಣ್‌ನಲ್ಲಿ ಕಿರೀಟ್‌ಭಾಯಿಯದು ಡ್ರೆಸ್ ಮೆಟೀರಿಯಲ್ ಅಂಗಡಿ, ಮೇಲಿನ ಕೋಣೆಯೇ ಲೀಗಿನ ಆಫೀಸು. ನಾವು ಬರುವುದು ಯಾರಿಂದ ತಿಳಿಯಿತೋ, ಮೆಟ್ಟಿಲ ಬುಡದಲ್ಲಿ ಆ ಹುಡುಗಿ ಝರ್ಣಾ ನಿಂತಿದ್ದಳು. ಸಣ್ಣಗೆ, ಮೊಣಕೈ ತುಂಬ ತರಚು ಗಾಯ. ಮನುವನ್ನು ನೋಡಿದವಳೇ ಅತ್ತಳು. "ದೀದಿ, ಗೋಲು ನಿಮ್ಮದೇ. ನನ್ನನ್ನ ಯಾರೂ ಕೇಳಲೇ ಇಲ್ಲ" ಎಂದು ಹಿಂದಿಯಲ್ಲಿ ಹೇಳಿದಳು. ಇಡೀ ಲೀಗಿನಲ್ಲಿ ಆ ಹುಡುಗಿಯ ಹೆಸರು ಬಂದಿರುವುದು ಇದೊಂದೇ ಕಡೆ. ಅವಳ ಕೋಚು ಎಲ್ಲರ ಎದುರಿಗೆ ಅವಳನ್ನು 'ಓನ್ ಗೋಲ್' ಎಂದೇ ಕರೆಯುತ್ತಾನಂತೆ. ಇಬ್ಬರನ್ನೂ ಕೆಳಗೆ ಕಬ್ಬಿನ ಹಾಲು ಕುಡಿಯಲು ಬಿಟ್ಟು ನಾನೊಬ್ಬಳೇ ಮೇಲೆ ಹೋದೆ.

ಕಿರೀಟ್‌ಭಾಯಿ ಕೆಟ್ಟವರಲ್ಲ. ಚಹಾ ತರಿಸಿದರು. "ನೋಡಿ ಬೆನ್, ಚೆಂಡು ಮೊದಲೇ ಗೋಲಿನ ಕಡೆಗೆ ಹೋಗುತ್ತಿದ್ದರೆ, ನಡುವೆ ಯಾರಿಗೆ ತಗುಲಿದರೂ ಒದ್ದವಳದೇ ಗೋಲು. ಹೊರಗೆ ಹೋಗಬೇಕಾದದ್ದು ತಗುಲಿ ಒಳಗೆ ಹೋದರೆ ಓನ್ ಗೋಲ್. ನಮಗೆ ಒಂದು ವಿಡಿಯೊ ಬಂತು, ಯಾರೋ ಪೋಷಕರು ಕಳಿಸಿದ್ದು. ಹೆಸರು ಹೇಳುವ ಹಾಗಿಲ್ಲ" ಎಂದರು. ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದರು.

ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತಿನ ತುಣುಕು ಅಕ್ಕ. ಶುರುವಾಗುವುದೇ ಝರ್ಣಾಳ ಮೊಣಕಾಲಿನಿಂದ. ಚೆಂಡು ಮೊಣಕಾಲಿಗೆ ತಗುಲುತ್ತದೆ, ಬಲೆ ಅಲ್ಲಾಡುತ್ತದೆ, ಮುಗಿಯಿತು. ಚೆಂಡು ಎಲ್ಲಿಂದ ಬಂತು, ಯಾವ ಕಡೆಗೆ ಹೋಗುತ್ತಿತ್ತು, ಯಾವುದೂ ಇಲ್ಲ. ನನ್ನ ಮಗಳೇ ಅದರಲ್ಲಿ ಇಲ್ಲ.

"ಇದರ ಮುಂಚಿನದು?" ಎಂದೆ.

"ಬಂದದ್ದೇ ಇಷ್ಟು. ಇದನ್ನು ನೋಡಿದರೆ ಆ ಹುಡುಗಿಯೇ ಒಳಗೆ ಹಾಕಿದ ಹಾಗೆ ಕಾಣುತ್ತದೆ. ಪೂರ್ತಿ ವಿಡಿಯೊ ನಿಮಗೆ ಸಿಕ್ಕರೆ ಶುಕ್ರವಾರದೊಳಗೆ ಕಳಿಸಿ. ನಾನೇ ನಿಂತು ತಿದ್ದಿಸುತ್ತೇನೆ. ಆಮೇಲೆ ಕ್ಯಾಂಪಿನ ಪಟ್ಟಿ ಹೋಗಿಬಿಡುತ್ತದೆ."

ಇನ್ನೊಂದು ಸಲ ಹಾಕಿ ಎಂದು ಕೇಳಿ ನೋಡಿದೆ. ಆಮೇಲೆ ಚಹಾ ಕುಡಿಯಲಾಗಲಿಲ್ಲ. ರೈಲಿನಲ್ಲಿ ಮನು, "ಅಮ್ಮಾ, ಅವರು ಏನು ಹೇಳಿದ್ರು?" ಎಂದು ಕೇಳುತ್ತಲೇ ಇದ್ದಳು. ಪೂರ್ತಿ ವಿಡಿಯೊ ಬೇಕಂತೆ ಎಂದಷ್ಟೇ ಹೇಳಿದೆ. ಅವಳು ದಾರಿಯುದ್ದಕ್ಕೂ ಗೆಳತಿಯರಿಗೆಲ್ಲ ಮೆಸೇಜ್ ಕಳಿಸಿದಳು. ಯಾರ ಹತ್ತಿರವೂ ಇರಲಿಲ್ಲ.

ಶುಕ್ರವಾರ ಕಳೆಯಿತು. ಕ್ಯಾಂಪಿನ ಪಟ್ಟಿಯಲ್ಲಿ ಬೇರೆ ಮೂವರ ಹೆಸರು ಬಂತು. ಮನು ಕೊಟ್ಟ ಮಾತಿನ ಹಾಗೆ ಮಾರನೇ ದಿನವೇ ಕೋಚಿಂಗಿಗೆ ಹೋದಳು. ಅಳಲಿಲ್ಲ, ಅದೇ ನನಗೆ ಭಯ. ಊಟ ಮಾಡುತ್ತಾಳೆ, ಓದುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಕೆಳಗೆ ಮಕ್ಕಳು ಆಡುವ ಚೆಂಡು ಕಾಲಿಗೆ ಬಂದು ತಾಗಿದರೆ ಬಗ್ಗಿ ಕೈಯಲ್ಲಿ ಎತ್ತಿ ಕೊಡುತ್ತಾಳೆ. ಝರ್ಣಾ ಒಮ್ಮೊಮ್ಮೆ ಫೋನ್ ಮಾಡುತ್ತಾಳೆ, ಆ ಹುಡುಗಿಯೊಡನೆ ಮಾತ್ರ ಇವಳು ನಗುವುದು ಕೇಳಿಸುತ್ತದೆ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಆಕಾಶನ ಬ್ಯಾಂಕ್ ಪರೀಕ್ಷೆ ಚೆನ್ನಾಗಿ ಆಗಲಿ, ಅವನಿಗೆ ಚಿಕ್ಕಮ್ಮನ ಆಶೀರ್ವಾದ. ನೀನು ನೆನೆಸಿಕೊಂಡಾಗಲೆಲ್ಲ ಮನುವಿಗೆ ಒಳ್ಳೆಯದಾಗಲೆಂದು ಹಾರೈಸು. ಕಿವಿಯ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೆ ಹಾಕಬೇಡ.

ನಿನ್ನ ತಂಗಿ,
ಹೇಮಲತಾ

ತಾ.ಕ.: ಇಷ್ಟು ಬರೆದು ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ. ಕಿರೀಟ್‌ಭಾಯಿ ಎರಡನೇ ಸಲ ಹಾಕಿದಾಗ ನಾನು ನೋಡಲಿಲ್ಲ, ಕಿವಿಗೊಟ್ಟು ಕೇಳಿದೆ. ಬಲೆ ಅಲ್ಲಾಡಿದ ಕೂಡಲೇ ಒಂದು ಹೆಂಗಸಿನ ದನಿ, ಮೈಕಿಗೆ ಅಂಟಿಕೊಂಡ ಹಾಗೆ ಹತ್ತಿರದಿಂದ: "ನಮ್ಮ ಮನು ಕಣ್ರೀ!" ನನ್ನದೇ ದನಿ ಅಕ್ಕ. ವಡೋದರಾದ ಆ ಮೈದಾನದಲ್ಲಿ ನಾನು 'ಕಣ್ರೀ' ಎನ್ನುವುದು ಇನ್ನು ಯಾರಿಗೆ? ಪಕ್ಕದಲ್ಲಿ ನಿಂತು ಇವರು ಫೋನಿನಲ್ಲಿ ತೆಗೆಯುತ್ತಿದ್ದದ್ದನ್ನು ಆವತ್ತಿನ ಗಲಾಟೆಯಲ್ಲಿ ನಾನು ಗಮನಿಸಿರಲೇ ಇಲ್ಲ.

ಆ ರಾತ್ರಿಯೇ ಇವರನ್ನು ಕೇಳಿದೆ. ಒಪ್ಪಿಕೊಂಡರು, ಸ್ವಲ್ಪವೂ ತಡವರಿಸಲಿಲ್ಲ. "ಇದ್ದದ್ದನ್ನೇ ಕಳಿಸಿದ್ದೀನಿ. ಸುಳ್ಳು ಏನು ಸೇರಿಸಿದೆ ಹೇಳು? ಒಂದು ವರ್ಷ ಹಾಳಾದ್ರೆ ಆಮೇಲೆ ಯಾರು ಕೊಡ್ತಾರೆ?" ಎಂದರು. ಮುಂಚಿನ ಭಾಗ ಕೊಡಿ, ಶುಕ್ರವಾರದೊಳಗೆ ಕಳಿಸುತ್ತೇನೆ ಎಂದೆ. "ಫೋನಲ್ಲಿ ಜಾಗ ಇರ್ಲಿಲ್ಲ. ಅಳಿಸ್ದೆ" ಎಂದು ದೀಪ ಆರಿಸಿ ಮಲಗಿದರು.

ಮನುವಿಗೆ ಹೇಳಿಲ್ಲ. ಹೇಳಬೇಕೋ ಬೇಡವೋ, ನೀನೇ ಬರೆ. ಉತ್ತರವನ್ನು ಪ್ಲೇಸ್ಕೂಲಿನ ವಿಳಾಸಕ್ಕೆ ಹಾಕು.

ಇದನ್ನು ಬರೆಯುವಾಗ ಅವಳು ಮೇಜಿನ ಆ ಕಡೆಯೇ ಕೂತು ಲೆಕ್ಕ ಮಾಡುತ್ತಿದ್ದಾಳೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೇ ಧೈರ್ಯ. ಈಗಷ್ಟೇ ತಲೆಯೆತ್ತಿ, "ದೊಡ್ಡಮ್ಮಂಗೆ ಬರಿ, ಗೋಲ್ ನಂದೇ ಇತ್ತು ಅಂತ" ಎಂದಳು. ಬರೆದಿದ್ದೇನೆ ಎಂದೆ. "ಔರ್, ಅಪ್ಪ ನಂಗೋಸ್ಕರ ಎಷ್ಟು ಮಾಡಿದ್ರು, ವೊ ಭೀ ಬರಿ" ಎಂದಳು.

ಅದನ್ನೂ ಬರೆದಿದ್ದೇನೆ ಎಂದೆ.