ಇದರ ಹಲ್ಲು ನನ್ನ ಹಲ್ಲು

ಎರಡು ಸಾವಿರದ ನೂರ ಎಂಬತ್ತೇಳನೆಯ ಇಸವಿ,
ಹದಿಮೂರನೆಯ ತಿಂಗಳ ಇಪ್ಪತ್ತೆರಡನೆಯ ದಿನ.
ಏಳನೆಯ ನೆರಳುಬೀದಿ, ಗದಗ.

ನೂರಾ ಅರವತ್ತು ವರ್ಷ ಹಿಂದೆ ನಾಯಿ ಸಾಕುತ್ತಿರುವವರಿಗೆ ದಾನವ್ವ ಹೂಗಾರ ಬರೆಯುವ ಪತ್ರ.

ನಿಮ್ಮ ಕ್ಯಾಲೆಂಡರಿನಲ್ಲಿ ಹದಿಮೂರನೆಯ ತಿಂಗಳು ಇಲ್ಲವೆಂದು ನನಗೆ ಗೊತ್ತು. ಬಿಸಿಲು ತಡೆಯಲಾರದಷ್ಟು ಆದ ಮೇಲೆ ನಮ್ಮ ಹಿರಿಯರು ಉಳಿದ ಒಂದೊಂದು ತಿಂಗಳಿಂದಲೂ ಎರಡು ಮೂರು ದಿನ ಕಿತ್ತುಕೊಂಡು, ಬೇಸಿಗೆಯ ನಡುವೆ ಒಂದು ಹೊಸ ತಿಂಗಳು ಮಾಡಿದರು. ನಡುವೆ ಬಂದರೂ ಎಣಿಕೆಯಲ್ಲಿ ಅದು ಹದಿಮೂರನೆಯದು; ಅದಕ್ಕೆ ಮುಚ್ಚುತಿಂಗಳು ಎನ್ನುತ್ತೇವೆ. ಆ ದಿನಗಳಲ್ಲಿ ಹೊತ್ತು ಹುಟ್ಟಿದ ಮೇಲೆ ಬಯಲಿಗೆ ಯಾರೂ ಹೋಗುವಂತಿಲ್ಲ. ಮೇಲೆ ಚಾವಣಿ ಹೊದಿಸಿದ ನೆರಳುಬೀದಿಯಲ್ಲಿಯೇ ಮಕ್ಕಳ ಆಟ, ಸಂತೆ, ಜಗಳ ಎಲ್ಲ ನಡೆಯಬೇಕು. ನನ್ನ ಮಾತುಗಳು ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನಾನು ಹತ್ತನೆಯ ತರಗತಿಯವರೆಗೆ ಓದಿದವಳು. ಆದರೆ ಇಪ್ಪತ್ತಾರು ವರ್ಷ ಈ ಬೀದಿಯ ಹಿರಿಯಳಾಗಿದ್ದೇನೆ. ಹೇಳುವುದನ್ನು ಸುತ್ತಿ ಬಳಸಿ ಹೇಳಿ ಅಭ್ಯಾಸವಿಲ್ಲ.

ನಮ್ಮ ವಾಚನಾಲಯದಲ್ಲಿ ನಿಮ್ಮ ಕಾಲದ ಪತ್ರಿಕೆಗಳ ಒಂದು ಕಟ್ಟು ಇದೆ. ಯಾವ ತಳಿಯ ನಾಯಿ ಅಪಾಯಕಾರಿ, ಯಾವುದನ್ನು ನಿಷೇಧಿಸಬೇಕು ಎಂದು ನೀವು ವಾದ ಮಾಡಿದ್ದನ್ನು ಓದಿದ್ದೇನೆ. ಒಬ್ಬರು ಪಟ್ಟಿ ಮಾಡಿ ಎನ್ನುತ್ತಾರೆ, ಇನ್ನೊಬ್ಬರು ನಾಯಿಯೆಲ್ಲ ಒಂದೇ, ಪ್ರೀತಿಯೊಂದಿದ್ದರೆ ಸಾಕು ಎನ್ನುತ್ತಾರೆ. ನಾಯಿಯೆಲ್ಲ ಒಂದೇ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೀವು ಪಿಟ್‌ಬುಲ್ ಎನ್ನುತ್ತಿದ್ದ ತಳಿಯಿಂದ ಬಂದ ನಾಯಿಗಳಿಗೆ ನಾವು ಗಟ್ಟಿದವಡೆ ಎನ್ನುತ್ತೇವೆ. ಅದು ಹಿಡಿದರೆ ಬಿಡಿಸಲು ಇಬ್ಬರು ಬೇಕು. ನಮ್ಮ ಮನೆಯ ಮುಧೋಳ ನಾಯಿಯ ಕಡಿತಕ್ಕೂ ಅದರ ಕಡಿತಕ್ಕೂ ಹೋಲಿಕೆಯಿಲ್ಲ. ಅದಕ್ಕಾಗಿಯೇ ನಮ್ಮ ಬೀದಿಯಲ್ಲಿ ಹಗ್ಗ ಹಿಡಿಯುವ ಪದ್ಧತಿ ತಂದೆವು. ತಂದವಳು ನಾನೇ.

ಪದ್ಧತಿ ಸರಳವಾದದ್ದು. ಗಟ್ಟಿದವಡೆ ಸಾಕುವವರು ಮರಿಯನ್ನು ಮನೆಯೊಳಗೆ ತರುವ ಮೊದಲು ಬೀದಿಯ ನಡುವೆ ನಿಂತು, ಹಗ್ಗ ಕೈಗೆ ಸುತ್ತಿಕೊಂಡು, ಎಲ್ಲರ ಎದುರು ಒಂದು ಮಾತು ಹೇಳಬೇಕು: ಇದರ ಹಲ್ಲು ನನ್ನ ಹಲ್ಲು. ಅಂದಿನಿಂದ ಆ ನಾಯಿ ಕಚ್ಚಿದರೆ ಬೀದಿಯ ಪುಸ್ತಕದಲ್ಲಿ ನಾಯಿಯ ಹೆಸರು ಬರೆಯುವುದಿಲ್ಲ. ಹಗ್ಗ ಹಿಡಿದವರ ಹೆಸರು ಬರೆದು, ಇವರು ಕಚ್ಚಿದರು ಎಂದು ಬರೆಯುತ್ತಾರೆ. ಗಾಯ ಮಾಯುವವರೆಗೆ ಅವರೇ ದಿನವೂ ಹೋಗಿ ತೊಳೆಯಬೇಕು. ಒಮ್ಮೆ ಕಚ್ಚಿದ ಗಟ್ಟಿದವಡೆಗೆ ಮಾತ್ರ ಮರುದಿನವೇ ಸೂಜಿ, ಮತ್ತೆ ಏಳದಂತೆ ಮಲಗಿಸಿಬಿಡುವ ಸೂಜಿ. ಮುಧೋಳ ನಾಯಿಗೆ ಇದಾವುದೂ ಅನ್ವಯಿಸುವುದಿಲ್ಲ ಎಂದು ಬರೆಸಿದವಳೂ ನಾನೇ. ನಮ್ಮ ಮಣ್ಣಿನ ನಾಯಿ, ನಮ್ಮ ಮನೆತನದಲ್ಲಿ ಆರು ತಲೆಮಾರಿನಿಂದ ಇದ್ದದ್ದು, ಅದಕ್ಕೇಕೆ ಹಗ್ಗದ ಮಾತು ಎಂದು ಸಭೆಯಲ್ಲಿ ಗದರಿಸಿದ್ದೆ. ಯಾರೂ ಎದುರಾಡಲಿಲ್ಲ.

ನಮ್ಮ ಎದುರುಮನೆಯ ಮಾಬೂಬಿ ನದಾಫ ಒಂದು ಗಟ್ಟಿದವಡೆ ಸಾಕಿದ್ದಾಳೆ. ಹೆಸರು ಸಕ್ಕರಿ. ಅದರ ಮೋರೆ ನೋಡಿದವರು ಹೆಸರು ಕೇಳಿ ನಗದೆ ಇರುವುದಿಲ್ಲ. ಮಾಬೂಬಿ ಹಗ್ಗ ಹಿಡಿದ ದಿನದಿಂದ, ಐದು ವರ್ಷ, ಬೆಳಗಿನ ಜಾವ ಎದ್ದು ಅದನ್ನು ಬಯಲಿಗೆ ಒಯ್ಯುವುದನ್ನು ಒಂದು ದಿನವೂ ತಪ್ಪಿಸಿಲ್ಲ. ನನ್ನ ಮುಧೋಳ ಬಾಣನಿಗೆ ಓಟವೇ ಊಟ. ನನಗೆ ಎಪ್ಪತ್ತೊಂದು ವರ್ಷ, ಮೊಣಕಾಲು ಮಾತು ಕೇಳುವುದಿಲ್ಲ. ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಈ ಮುಚ್ಚುತಿಂಗಳಲ್ಲಿ ಒಂಬತ್ತು ದಿನ ಅದು ಅಂಗಳದಲ್ಲೇ ಸುತ್ತು ಹಾಕಿತು. ಹತ್ತನೆಯ ದಿನ ಮಧ್ಯಾಹ್ನ ಕಳಕಪ್ಪನ ಮಗಳು ಇಂಚರ, ಆರು ವರ್ಷದವಳು, ದಾರಕ್ಕೆ ಬಟ್ಟೆಯ ಚೂರು ಕಟ್ಟಿಕೊಂಡು ಬೀದಿಯಲ್ಲಿ ಓಡಿದಳು. ಮೊಲ ಕಂಡಂತೆ ಬಾಣ ಗೋಡೆ ಹಾರಿತು. ಕಿಟಕಿಯಲ್ಲಿ ನಿಂತಿದ್ದ ನಾನು ಎಲ್ಲವನ್ನೂ ಕಂಡೆ. ಮಗುವಿನ ಮೀನಖಂಡಕ್ಕೆ ಬಾಯಿ ಹಾಕಿತು, ಬಿಟ್ಟಿತು, ಬಂದ ದಾರಿಯಲ್ಲೇ ಅಂಗಳಕ್ಕೆ ಹಾರಿ ಬಂದು ಮಲಗಿತು. ನಾನು ಮೆಟ್ಟಿಲಿಳಿದು ಹೊರಗೆ ಬರುವಷ್ಟರಲ್ಲಿ ಮಾಬೂಬಿಯ ಕೈಯಿಂದ ಹಗ್ಗ ಬಿಡಿಸಿಕೊಂಡ ಸಕ್ಕರಿ ಮಗುವಿನ ಪಕ್ಕ ನಿಂತು ಗಾಯ ನೆಕ್ಕುತ್ತಿತ್ತು. ಅದರ ದವಡೆಗೆ ರಕ್ತ ಹತ್ತಿತ್ತು. ಜನ ಕಂಡದ್ದು ಅಷ್ಟನ್ನೇ.

"ನಾ ಮೊದಲ ಹೇಳಿದ್ದೆ!" ಎಂದು ಕಳಕಪ್ಪ ಮಗಳನ್ನು ಎತ್ತಿಕೊಂಡು ಕೂಗಿದ. "ಸಕ್ಕರಿ ಅಂತ ಸಕ್ಕರಿ! ಹುಲಿಗೆ ಹಸುವಿನ ಹೆಸರಿಟ್ಟಂಗ! ದಾನವ್ವಾರ, ನೀವ ನೋಡ್ರಿ, ಸಂಜೀಕ ಸಭಾ ಕರೀರಿ!"

ಕರೆಯುತ್ತೇನೆ ಎಂದೆ. ಅಷ್ಟೇ ಅಂದದ್ದು. ನಾನು ಸುಳ್ಳು ಹೇಳಲಿಲ್ಲ, ಬಾಯಿ ಮುಚ್ಚಿಕೊಂಡಿದ್ದೆ. ಇವೆರಡೂ ಬೇರೆ ಬೇರೆ ಎಂದು ಆ ಮಧ್ಯಾಹ್ನವೆಲ್ಲ ನನಗೆ ನಾನೇ ಹೇಳಿಕೊಂಡೆ.

ಆಸ್ಪತ್ರೆಯಲ್ಲಿ ಮಗುವಿಗೆ ಚುಚ್ಚುಮದ್ದು ಹಾಕಿಸಿ ಕರೆತಂದರು. ನಾಲ್ಕು ಗಂಟೆಗೆ ಮಾಬೂಬಿ ನಮ್ಮ ಬಾಗಿಲಿಗೆ ಬಂದಳು. ಅವಳ ಸೀರೆಯ ಅಂಚು ಒದ್ದೆಯಾಗಿತ್ತು. ಕಳಕಪ್ಪನ ಬೈಗುಳ ಕೇಳಿಸಿಕೊಳ್ಳುತ್ತಲೇ ಮಗುವಿನ ಕಾಲು ತೊಳೆದು ಬಂದಿದ್ದಳು. ತನ್ನ ನಾಯಿ ಕಚ್ಚಿಲ್ಲ ಎಂದು ವಾದ ಮಾಡಲು ಬಂದಿದ್ದಾಳೆ ಎಂದುಕೊಂಡು ನಾನು ಗಟ್ಟಿಯಾಗಿ ಕೂತೆ.

"ಅಕ್ಕಾರ, ನಾ ಒಲಿ ಮುಂದ ಇದ್ದೆ, ಕಣ್ಣಿಲೆ ಕಂಡಿಲ್ಲ" ಎಂದಳು. "ಕೂಸಿನ ಚೀರಾಟ ಕೇಳಿ ಸಕ್ಕರಿ ಹಗ್ಗ ಹಿಡಕೊಂಡ ಹೊರಗ ಬಂದ್ನಿ, ಕೈಯಾಗಿಂದ ಕಿತ್ಕೊಂಡ ಓಡ್ತು. ಇದು ಕಚ್ಚಿದ್ದಕ್ಕ ಕೂಸು ಚೀರಿತೋ, ಮದಲ ಚೀರಿತ್ತೋ, ನನ್ನ ತಲಿ ಕೆಲಸಾ ಮಾಡವಲ್ತು. ಹಗ್ಗ ಹಿಡಿದಾಕಿ ನಾನು. ನನ್ನ ಹಲ್ಲ ಅಂತ ಬರಕೋರಿ. ಒಂದ ಕೇಳ್ತೀನಿ. ನಾಳೆ ಸೂಜಿ ಹಾಕೂಮುಂದ ಅದರ ತಲಿ ನನ್ನ ತೊಡಿ ಮ್ಯಾಲೆ ಇರಲಿ. ಪರರ ಕೈಯಾಗ ಅಂಜತೈತಿ ಅದು."

ಅವಳು ಹೋದ ಮೇಲೆ ಅಂಗಳಕ್ಕೆ ಹೋಗಿ ಬಾಣನ ತುಟಿ ಎತ್ತಿ ನೋಡಿದೆ. ಕೋರೆಹಲ್ಲಿನ ಸಂದಿಯಲ್ಲಿ ಮಗುವಿನ ಕಾಲುಚೀಲದ ಕೆಂಪು ನೂಲು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಎಸೆದಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ನೂಲನ್ನು ಅಲ್ಲಿಯೇ ಬಿಟ್ಟು, ಬಾಣನ ಕೊರಳಿಗೆ ಹಗ್ಗ ಹಾಕಿಕೊಂಡು ಸಭೆಗೆ ಹೋದೆ.

ಸಭೆ ಎಂದರೆ ಅರವತ್ತು ಮನೆಯವರು. ಸಕ್ಕರಿಯೊಂದೇ ಅಲ್ಲ, ಬೀದಿಯ ನಾಲ್ಕೂ ಗಟ್ಟಿದವಡೆಗಳಿಗೆ ಸೂಜಿ ಹಾಕಿಸಬೇಕೆಂದು ಕಳಕಪ್ಪ ಆಗಲೇ ಕೈ ಎತ್ತಿಸುತ್ತಿದ್ದ. ನಾನು ನಡುವೆ ಹೋಗಿ ನಿಂತು, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮಧ್ಯಾಹ್ನದಿಂದ ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದೆ. ಕಳಕಪ್ಪ ಬಂದು ಬಾಣನ ಹಲ್ಲು ನೋಡಿ ಹಿಂದೆ ಸರಿದ. ಪುಸ್ತಕ ಬರೆಯುವವಳು ನನ್ನ ಸೊಸೆ ನೀಲಾ. ಅವಳ ಲೇಖನಿ ಮುಂದೆ ಹೋಗಲಿಲ್ಲ.

"ಅತ್ತೀ, ಮುಧೋಳಕ್ಕ ಹಗ್ಗದ ಮಾತಿಲ್ಲಲ್ರಿ. ನಾಯಿ ಕಚ್ಚಿತು ಅಂತ ಬರೀಲೇನ್ರಿ?"

"ದಾನವ್ವ ಕಚ್ಚಿದಳು ಅಂತ ಬರಿ" ಎಂದೆ. "ಹಗ್ಗ ಹಿಡಿದವರ ಸಾಲಿನ್ಯಾಗ."

ಹಿಂದಿನಿಂದ ಯಾರೋ, "ಅವ್ವಾರಿಗೆ ಈ ವಯಸ್ಸಿನ್ಯಾಗ ಹಲ್ಲ ಭಾಳ ಗಟ್ಟಿ ಅದಾವ ನೋಡ್ರಿ" ಎಂದು ನಗಿಸಿದರು. ನಗಲಿ ಎಂದು ಬಿಟ್ಟೆ. ಕಳಕಪ್ಪ ನಗಲಿಲ್ಲ. "ಮಾಬೂಬಿಗೆ ನಾ ಏನೇನ ಅಂದೆ ನಿಮಗ ಗೊತ್ತೈತೇನ್ರಿ?" ಎಂದ. "ಕಿಟಕ್ಯಾಗ ನಿಂತ ಕೇಳಿಸ್ಕೊಂಡ್ರೇನ್ರಿ ಅದನ್ನ?" ಹೌದು, ಕೇಳಿಸಿಕೊಂಡಿದ್ದೆ ಎಂದೆ.

ಅಂದೇ ನಿಯಮ ತಿದ್ದಿದೆವು. ಈಗ ಯಾವ ನಾಯಿಯೇ ಆಗಲಿ, ಅಂಗೈಯಷ್ಟು ಮರಿಯೇ ಆಗಲಿ, ಹಗ್ಗ ಹಿಡಿದು ಮಾತು ಕೊಟ್ಟ ಮೇಲೆಯೇ ಮನೆಗೆ ಬರಬೇಕು. ಒಂದೇ ಕಡಿತಕ್ಕೆ ಸೂಜಿ ಎಂಬುದನ್ನು ತೆಗೆದೆವು. ಏಕೆ ಕಚ್ಚಿತು ಎಂದು ಮೊದಲು ವಿಚಾರಿಸುತ್ತೇವೆ. ಗಟ್ಟಿದವಡೆ ಹೊರಗೆ ಬಂದರೆ ಬಾಯಿಪಟ್ಟಿಯೂ ಎರಡೆಳೆಯ ಹಗ್ಗವೂ ಬೇಕೆಂದು ಹೊಸದಾಗಿ ಸೇರಿಸಿದೆವು, ಅದನ್ನು ಬಿಡುವುದಿಲ್ಲ. ಆ ಮಧ್ಯಾಹ್ನ ಕಚ್ಚಿದ್ದು ಸಕ್ಕರಿಯೇ ಆಗಿದ್ದರೆ ಇಂಚರ ಇಂದು ನಡೆಯುತ್ತಿರಲಿಲ್ಲ. ಮಾಬೂಬಿ ಇದನ್ನು ನನಗಿಂತ ಮೊದಲು ಒಪ್ಪಿದಳು.

ಬಾಣನನ್ನು ಕಪ್ಪತಗುಡ್ಡದ ಕೆಳಗಿನ ಕುರಿಗಾರರ ಮನೆಗೆ ಕೊಟ್ಟೆ. ಅವರು ಮುಚ್ಚುತಿಂಗಳಲ್ಲೂ ನಸುಕಿನಲ್ಲಿ ಹತ್ತು ಮೈಲಿ ನಡೆಯುವವರು. ಆರು ತಲೆಮಾರಿನಲ್ಲಿ ನಾಯಿಯಿಲ್ಲದ ಮೊದಲ ಅಂಗಳ ನನ್ನದು. ಅದು ನನಗೆ ಸುಲಭವಾಗಲಿಲ್ಲ ಎಂಬುದಷ್ಟನ್ನೇ ಬರೆಯುತ್ತೇನೆ. ಹನ್ನೆರಡು ದಿನದಿಂದ ಕಳಕಪ್ಪನ ಮನೆಗೆ ಹೋಗಿ ಗಾಯ ತೊಳೆಯುತ್ತಿದ್ದೇನೆ. ಇಂಚರ ಸಕ್ಕರಿಯನ್ನು ಕಂಡರೆ ಬೆನ್ನು ಸವರುತ್ತಾಳೆ. ನಾನು ಒಳಗೆ ಬಂದರೆ ತಾಯಿಯ ಸೆರಗಿನ ಹಿಂದೆ ಹೋಗುತ್ತಾಳೆ. ಅವಳು ತಿಳಿದುಕೊಂಡದ್ದು ಸರಿಯಾಗಿಯೇ ಇದೆ.

ನಿಮ್ಮ ಕಾಲದವರಲ್ಲಿ ಒಂದು ಬೇಡಿಕೆ ಇಡುತ್ತೇನೆ. ಪಟ್ಟಿ ಮಾಡುವುದಾದರೆ ಮಾಡಿ, ಬಲವಾದ ನಾಯಿಗೆ ಬಲವಾದ ನಿಯಮ ಬೇಕೇ ಬೇಕು. ಆದರೆ ಪಟ್ಟಿಯಲ್ಲಿ ಇಲ್ಲದ ನಾಯಿಯನ್ನು ಸಾಕಿದವರು ನೆಮ್ಮದಿಯಿಂದ ಮಲಗಬೇಡಿ. ನಿಮ್ಮ ನಾಯಿಗೆ ಎಷ್ಟು ಓಟ ಬೇಕು, ನಿಮ್ಮ ಕಾಲಿಗೆ ಎಷ್ಟು ಸಾಧ್ಯ ಎಂಬುದನ್ನು ಮರಿ ತರುವ ಮೊದಲೇ ಯೋಚಿಸಿ. ಆದರೂ ಅದು ಯಾರನ್ನಾದರೂ ಕಚ್ಚಿದರೆ, "ನಮ್ಮದು ಹಾಗೆ ಮಾಡುವುದೇ ಇಲ್ಲ" ಎಂಬ ಮಾತು ನಿಮ್ಮ ನಾಲಿಗೆಯ ಮೇಲೆ ಬಂದು ನಿಲ್ಲುತ್ತದೆ. ಅದನ್ನು ನುಂಗಿಕೊಳ್ಳಿ. ನುಂಗಿಕೊಂಡು ಪೆಟ್ಟು ತಿಂದವರ ಮನೆಗೆ ನಡೆಯಿರಿ. ಕತ್ತಲಾಗುವವರೆಗೆ ಕಾಯಬೇಡಿ.

ದಾನವ್ವ ಹೂಗಾರ