ರವಿವಾರದ ಕುಸ್ತಿ

ಚಿಂಚವಾಡ, ಪುಣೆ
ಬುಧವಾರ, ೧೨ ಫೆಬ್ರವರಿ ೨೦೨೫

ತೀರ್ಥರೂಪ ಮಾವನವರ ಪಾದಗಳಿಗೆ ನಿಮ್ಮ ಸೊಸೆ ಮಂಜರಿಯ ನಮಸ್ಕಾರಗಳು.

ನಿಮ್ಮ ಮೊಣಕಾಲು ಹೇಗಿದೆ? ಅತ್ತೆಯವರ ಕೆಮ್ಮು ಕಡಿಮೆಯಾಯಿತೇ? ಅವರು ಮಜ್ಜಿಗೆ ಬಿಡುವವರಲ್ಲ, ನೀವು ಗದರುವವರಲ್ಲ. ಕೆಮ್ಮಿಗೆ ಇನ್ನೇನು ಬೇಕು. ಫೋನಿರುವಾಗ ಕಾಗದವೇಕೆ ಎಂದು ಹುಬ್ಬೇರಿಸುತ್ತೀರಿ. ನಮ್ಮದು ಎರಡು ಖೋಲಿಯ ಮನೆ, ಮಾವನವರೇ. ಇಲ್ಲಿ ಪಿಸುಗುಟ್ಟಿದ್ದು ಅಲ್ಲಿ ನಿಮ್ಮ ಮಗನಿಗೆ ಕೇಳಿಸುತ್ತದೆ. ಇವರು ಫ್ಯಾಕ್ಟರಿಗೆ ಹೊರಟರೆ ಇರುವ ಒಂದೇ ಫೋನೂ ಜೊತೆಗೇ ಹೋಗುತ್ತದೆ. ಪಕ್ಕದ ಮನೆಯ ಸದಾನಂದ ಕಾಕಾ ಇಂದು ಸಂಜೆ ಗೋಕಾಕಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಇಲ್ಲಿ ಎಲ್ಲೆಲ್ಲೂ ರವಿವಾರದ ಕುಸ್ತಿಯದೇ ಮಾತು. ಆಚೆ ವರ್ಷ ಚಾಂಪಿಯನ್ ಗದೆ ಕೊಂಢವಾ ತಾಲೀಮಿನ ಪೈಲವಾನ ಮಾರ್ತಾಂಡನ ಹೆಗಲೇರಿತ್ತು, ಹೋದ ವರ್ಷ ನಿಮ್ಮ ಮಗ ಅದನ್ನು ಗೆದ್ದು ತಂದರು. ಈ ಸಲ ಫೈನಲ್ಲಿಗೆ ಮತ್ತೆ ಅವರಿಬ್ಬರೇ. ನಮ್ಮ ಓಣಿಯ ಬಾಯಿಗೆ ಫ್ಲೆಕ್ಸ್ ಕಟ್ಟಿದ್ದಾರೆ. ಅದರಲ್ಲಿ ಇವರ ಮೀಸೆ ನಿಜವಾದ ಮೀಸೆಗಿಂತ ದೊಡ್ಡದಿದೆ. ಹಾಲಿನವನೂ ಮರಾಠಿಯಲ್ಲಿ ಜಯಕಾರ ಹಾಕಿಯೇ ಹಾಲು ಅಳೆಯುತ್ತಾನೆ. ನನಗೋ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬೆಳಿಗ್ಗೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ; ಇವರು ತುಟಿಪಿಟಕ್ಕೆನ್ನದೆ ಉಂಡು ಎದ್ದರು. ಅದೇ ನನಗೆ ಹೆದರಿಕೆ. ಉಪ್ಪು ಕೂಡ ಗೊತ್ತಾಗದಷ್ಟು ನೋವಿದೆ.

ಹೌದು, ನೋವು. ಸೆಮಿಫೈನಲ್ಲಿನಲ್ಲಿ ಎಡಭುಜದ ಕೀಲು ತಪ್ಪಿತ್ತು. ಯಾರಿಗೂ ಹೇಳದೆ ತಾವೇ ಕೂಡಿಸಿಕೊಂಡು ಬಂದರು. ಆಮೇಲೆ ನಾನೇ ಹಟ ಹಿಡಿದು ಕರೆದೊಯ್ದಾಗ, ಇನ್ನೊಮ್ಮೆ ತಪ್ಪಿದರೆ ಆ ಕೈ ಕೆಲಸಕ್ಕೆ ಬಾರದು ಎಂದು ಡಾಕ್ಟರು ನನ್ನೆದುರೇ ಹೇಳಿದ್ದಾರೆ. ಮನೆಯಲ್ಲಿ ಅಂಗಿ ತೊಡಿಸಲು ನಾನು ಬೇಕು. ಹೊರಗೆ ಮಾತ್ರ ಎದೆ ಸೆಟೆಸಿಯೇ ನಡೆಯುತ್ತಾರೆ. ಕುಸ್ತಿ ಕಲಿಸುವ ವಸ್ತಾದರಿಗೆ ತಿಳಿಸೋಣವೆಂದರೆ ತಾಲೀಮಿನ ಗರಡಿಯಲ್ಲಿ ಹನುಮಪ್ಪ ದೇವರಿದ್ದಾನೆ, ಹೆಂಗಸರು ಒಳಗೆ ಕಾಲಿಡುವ ಹಾಗಿಲ್ಲ.

ಸೋಮವಾರ ಇವರು ಫ್ಯಾಕ್ಟರಿಗೆ ಹೋದ ಮೇಲೆ ಬಾಗಿಲು ಬಡಿದದ್ದು ಯಾರು ಗೊತ್ತೇ? ಅದೇ ಮಾರ್ತಾಂಡ. ನಮ್ಮ ಅಥಣಿ ಕಡೆಯ ಹುಡುಗ. ಎದುರಾಳಿಯಾದರೇನು, ಹೊಸ್ತಿಲು ದಾಟಿ ಬಂದವನನ್ನು ಬರಿಹೊಟ್ಟೆಯಲ್ಲಿ ಕಳಿಸಲಾದೀತೇ? ಇವರಿಗೆಂದು ಕಾಸಿಟ್ಟ ಬದಾಮಿ ಹಾಲನ್ನೇ ಕೊಟ್ಟೆ. ತಂಬಿಗೆ ಎತ್ತಿದವನು ಬರಿದು ಮಾಡಿಯೇ ಇಳಿಸಿದ. ಈ ಪೈಲವಾನರಿಗೆ ಸಂಕೋಚವೆಂಬುದೇ ಇಲ್ಲ. ಆಮೇಲೆ ತಲೆ ತಗ್ಗಿಸಿ ಹೇಳಿದ, “ವೈನಿ, ವಿಕ್ರಮಣ್ಣ ಎಡಗೈ ಮರಸಿ ನಡಿಯೂದು ನಾ ನೋಡೇನಿ. ಬೇಕಂತ ಆ ಕೈ ನಾ ಹಿಡಿಯೂದಿಲ್ಲ. ಆದ್ರ ಮಣ್ಣಾಗ ಬಿದ್ದ ಮ್ಯಾಲ ಯಾವ ಕೈ ಅನ್ನೋ ಖಬರು ಇರೂದಿಲ್ರಿ. ನೀವ ತಡೀರಿ.”

ಸಂಜೆ ಇವರ ಮುಂದೆ ಮಾತು ತೆಗೆದೆ. “ಅಂವಾ ಅಂಜ್ಯಾನ, ಅದಕ್ಕ ಬಂದಾನ,” ಎಂದು ನಕ್ಕರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಗದೆ ಗೋಡೆಗೆ ತೂಗುತ್ತದೆ, ಹೊಟ್ಟೆಗೆ ಹಾಕುವುದಿಲ್ಲ. ಫ್ಯಾಕ್ಟರಿಯ ಮಷೀನಿಗೆ ಎರಡೂ ಕೈ ಬೇಕು.

ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ. ಅತ್ತೆಯವರ ಕೈಗೆ ಕೊಡಬೇಡಿ, ಕೆಮ್ಮು ಹೆಚ್ಚೀತು. ನಮ್ಮಿಬ್ಬರ ಮೇಲೆ ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಸೊಸೆ,
ಮಂಜರಿ

ತಾ.ಕ.: ಕಾಕಾ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ, ಅದಕ್ಕೆ ನೇರವಾಗಿ ಕೇಳಿಬಿಡುತ್ತೇನೆ. ಕಣಕ್ಕಿಳಿಯುವ ಮುನ್ನ ಇವರು ನಿಮಗೆ ಫೋನ್ ಮಾಡುತ್ತಾರೆ. “ಇಳೀಯಪ್ಪಾ” ಎಂದು ನೀವು ಅನ್ನದೆ ಇವರು ಇಂದಿಗೂ ಮಣ್ಣು ಮುಟ್ಟಿದವರಲ್ಲ. ಊರಿಗೆಲ್ಲ ಪೇಢೆ ಹಂಚಲು ನೀವು ಕಾದು ಕೂತಿದ್ದೀರಿ ಎಂದು ಬಲ್ಲೆ. ಆದರೂ ಈ ರವಿವಾರ ಫೋನ್ ಎತ್ತಿರಿ, ಆ ಮಾತು ಮಾತ್ರ ಅನ್ನಬೇಡಿರಿ. ನಾನು ಬರೆದದ್ದೆಂದು ಹೇಳಿದರೂ ಸರಿ. ವರ್ಷವಿಡೀ ನನ್ನ ಮೇಲೆ ಮುನಿಸಿಕೊಳ್ಳಲಿ. ಎರಡೂ ಕೈ ಕಟ್ಟಿ ಕೂತು ಮುನಿಸಿಕೊಳ್ಳಲಿ.