ಮಾತಿಲ್ಲದ ಪಂಕ್ತಿಯಲ್ಲಿ ಅಜ್ಜನ ಪುಸ್ತಕ

ಅಕ್ಕಾ,

ಕ್ಷೇಮವಾಗಿ ತಲುಪಿದೆ. ಬೆನೆಡಿಕ್ಟ್ ಪಂಥದ ಕ್ರೈಸ್ತ ಸನ್ಯಾಸಿಗಳ ಈ ಮಠದಲ್ಲಿ ಹರಿದ ಪ್ರಾರ್ಥನೆ ಪುಸ್ತಕಗಳಿಗೆ ಹೊಸ ರಟ್ಟು ಹಾಕುತ್ತಿದ್ದೇನೆ. ಊಟದ ಹೊತ್ತಿನಲ್ಲಿ ಇಲ್ಲಿ ಯಾರೂ ಮಾತಾಡುವಂತಿಲ್ಲ. ಒಬ್ಬರು ನಿಂತು ಪುಸ್ತಕ ಓದುತ್ತಾರೆ, ಉಳಿದವರು ಕೇಳುತ್ತಾ ಉಣ್ಣುತ್ತಾರೆ. ನೀನಾಗಿದ್ದರೆ ಉಪವಾಸವೇ ವಾಸಿ ಅನ್ನುತ್ತಿದ್ದೆ!

ಇಲ್ಲೊಬ್ಬ ಅಜ್ಜ ಸನ್ಯಾಸಿ. ಹಿಂದಿನ ಸನ್ಯಾಸಿಗಳು ಹೇಗೆ ಪ್ರಾರ್ಥಿಸುತ್ತಿದ್ದರು, ಹೇಗೆ ಬಾಳುತ್ತಿದ್ದರು ಎಂದು ಆಯುಷ್ಯವೆಲ್ಲ ಹುಡುಕಿ ಒಂದು ಪುಸ್ತಕ ಬರೆದಿದ್ದಾರೆ. ಅಚ್ಚು ಹಾಕಿಸಬೇಕೋ ಬೇಡವೋ ಎನ್ನುವುದನ್ನು ಮಠದ ಮುಖ್ಯಸ್ಥರಾದ ಹಿರಿಯರು ಊಟದ ಓದು ಕೇಳಿ ತೀರ್ಮಾನಿಸಬೇಕು. ನಿನ್ನೆ ಅದರ ಸರದಿ.

“ಯಾರೂ ಬಾಯಿ ಬಿಡಲ್ಲ. ಹಿಡಿಸ್ತೋ ಇಲ್ವೋ ಹೇಗಯ್ಯಾ ಗೊತ್ತಾಗೋದು?” ಅಂದರು ಅಜ್ಜ, ಪಂಕ್ತಿಗೆ ಕೂರುವ ಮುಂಚೆ.

“ಗೊರಕೆ ಕೇಳಿಸುತ್ತಾ ನೋಡಿ,” ಅಂದೆ.

ಓದು ಶುರುವಾಯಿತು. ಹಿಂದಿನವರು ಪಂಕ್ತಿಯಲ್ಲಿ ಬೇಕಾದ್ದನ್ನು ಕೈಸನ್ನೆಯಿಂದಲೇ ಕೇಳುತ್ತಿದ್ದರಂತೆ: ಮೀನು ಬೇಕಾದರೆ ಅಂಗೈಯನ್ನು ಬಾಲದ ಹಾಗೆ ಅಲ್ಲಾಡಿಸುವುದು, ಜೇನು ಬೇಕಾದರೆ ಬೆರಳು ನೆಕ್ಕುವುದು. ಅಜ್ಜ ಫಲಿತಾಂಶಕ್ಕೆ ಕಾದ ಮಗುವಿನ ಹಾಗೆ ತಟ್ಟೆಯನ್ನೇ ನೋಡುತ್ತಾ ಕೂತಿದ್ದರು. ಪಕ್ಕದಲ್ಲಿದ್ದ ನಾನು ಮೊಣಕೈಯಿಂದ ತಿವಿದೆ. ಅವರು ತಲೆ ಎತ್ತಿದರೆ, ಪಂಕ್ತಿಯ ತುದಿಯಲ್ಲಿ ಮಠದ ಹಿರಿಯರು ಬಲು ಗಂಭೀರವಾಗಿ ಅವರನ್ನೇ ನೋಡುತ್ತಾ ಬೆರಳು ನೆಕ್ಕುತ್ತಿದ್ದಾರೆ! ಅಜ್ಜ ಜೇನಿನ ಬಾಟಲಿ ದಾಟಿಸಿದರು. ಪಂಕ್ತಿಗೆ ಪಂಕ್ತಿಯೇ ಸದ್ದಿಲ್ಲದೆ ಹೊಟ್ಟೆ ಹಿಡಿದು ನಕ್ಕಿತು.

ಮೊಣಕಾಲು ನೋವು ಇಳಿದಿದೆ, ಎಣ್ಣೆ ಕಳಿಸಬೇಡ. ಊರಿಗೆ ಬರುವುದು ಮಾತ್ರ ತಡ. ಅಜ್ಜನ ಪುಸ್ತಕ ಅಚ್ಚಿಗೆ ಹೋಗುತ್ತಿದೆ, ಅದರ ರಟ್ಟು ನನ್ನ ಕೈಯದೇ ಆಗಬೇಕಂತೆ. ಕಾರ್ಡಿನಲ್ಲಿ ಜಾಗವಿಲ್ಲ.

ನಿನ್ನ ತಮ್ಮ